ಹೈಡನ್‌ಸಾಬನ ಉಪಾಯ

ಮಸ್ಕಿಯ ಮಕ್ತುಮ್‌ಸಾಬರು ಅಂಜುಬುರುಕರು. ಇದನ್ನು ಅವರ ಬೆನ್ನ ಹಿಂದೆ ಆಡಿಕೊಳ್ಳುವ ಅಗತ್ಯವಿಲ್ಲ. ಎದುರಿಗೇ ಹೇಳಿದರೂ "ಹೌದ್ರಿ, ಖರೇ ಐತಿ" ಎಂದು ಒಪ್ಪಿಕೊಳ್ಳುತ್ತಾರೆ. ನಾಯಿಗೆ ಅಂಜುತ್ತಾರೆ, ಪೊಲೀಸರಿಗೆ ಅಂಜುತ್ತಾರೆ, ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ತೋರಿಸಿ ಎಂದರೆ ಟಿಕೆಟ್ ಕೈಯಲ್ಲೇ ಇದ್ದರೂ ಕಳ್ಳನ ಹಾಗೆ ಜೇಬೆಲ್ಲ ತಡಕಾಡುತ್ತಾರೆ. ಹೋಟೆಲಿನವನು ಸಕ್ಕರೆ ಹಾಕುವುದನ್ನು ಮರೆತು ಚಹಾ ಕೊಟ್ಟರೆ ಅದನ್ನೇ ಕುಡಿದು, ಛಲೋ ಆಗಿತ್ತು ಎಂದು ಎದ್ದು ಬರುತ್ತಾರೆ. ಅವರ ಹೆಂಡತಿ ಪೀರ್‌ಬೀ ಮಾರ್ಕೆಟ್ಟಿಗೆ ಅವರನ್ನು ಕಳಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು, ಯಾಕೆಂದರೆ ಅಂಗಡಿಯವನು ಕೊಳೆತ ಬದನೆಕಾಯಿ ಹಾಕಿದರೂ ಈ ಮನುಷ್ಯ ತಲೆಯಾಡಿಸಿ ಚೀಲದ ಬಾಯಿ ತೆರೆದು ನಿಲ್ಲುತ್ತಿದ್ದರು.

ಇಂಥವರು ಊದುವುದು ಮಾತ್ರ ಊರಿಗೆಲ್ಲ ಕೇಳುವ ವಾದ್ಯ. ಕ್ಲಾರಿನೆಟ್. ಮಸ್ಕಿಯ ಮಹಬೂಬ್ ಬ್ರಾಸ್ ಬ್ಯಾಂಡಿಗೆ ಅವರೇ ಮುಖ್ಯರು. ಕೆಂಪು ಕೋಟು, ಭುಜಕ್ಕೆ ಹಳದಿ ದಾರದ ಜೂಲು, ತಲೆಯ ಮೇಲೆ ಗರಿ ಸಿಕ್ಕಿಸಿದ ಟೊಪ್ಪಿಗೆ. ಅದನ್ನು ತೊಟ್ಟು ಮೆರವಣಿಗೆಯ ಮುಂದೆ ನಿಂತು ಊದಲು ಶುರು ಮಾಡಿದರೆ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವವರೂ ಕೈ ನಿಲ್ಲಿಸಿ ನೋಡುತ್ತಾರೆ. ಊದುವಾಗ ಅವರಿಗೆ ಯಾರ ಹೆದರಿಕೆಯೂ ಇಲ್ಲ. ಊದುವುದು ನಿಲ್ಲಿಸಿ ಬಾಯಿ ಖಾಲಿಯಾಯಿತೋ, ಶುರು.

ಈ ಅಂಜಿಕೆ ಹುಟ್ಟಿನಿಂದ ಬಂದದ್ದಲ್ಲ, ತಂದೆಯ ಕಾಲದಿಂದ ಬಂದದ್ದು. ತಂದೆ ಹಸನ್‌ಸಾಬರೇ ಬ್ಯಾಂಡು ಕಟ್ಟಿದವರು. ಅವರ ಬ್ಯಾಂಡಿಗೆ ಒಂದು ಕಟ್ಟಳೆ ಇತ್ತು, ಈಗಲೂ ಇದೆ. ಮದುವೆಯ ಮನೆಯವರು ಎಲೆ ಅಡಿಕೆ ಕೊಟ್ಟು ಕರೆಯಬೇಕು, ಎಲ್ಲ ಮುಗಿದ ಮೇಲೆ ಎಲೆ ಅಡಿಕೆ ಕೊಟ್ಟು ಕಳಿಸಬೇಕು. ಕಳಿಸುವ ಎಲೆ ಕೈಗೆ ಬರುವವರೆಗೆ ಬ್ಯಾಂಡಿನವರು ಆ ಮನೆಯ ಅಂಗಳ ದಾಟುವಂತಿಲ್ಲ. ದಾಟಿದರೆ ಮದುಮಗಳಿಗೆ ಕೇಡು ಎಂಬ ನಂಬಿಕೆ. ಮಕ್ತುಮ್ ಸಣ್ಣವನಾಗಿ ತಾಳ ಹಿಡಿದು ನಿಲ್ಲುತ್ತಿದ್ದ ಕಾಲದಲ್ಲಿ, ಲಿಂಗಸುಗೂರಿನ ಕಡೆ ಒಂದು ಮನೆಯಲ್ಲಿ, ಊರಿನಿಂದ ಏನೋ ಸುದ್ದಿ ಬಂತೆಂದು ಹಸನ್‌ಸಾಬರು ಎಲೆ ಕೊಡುವ ಮೊದಲೇ ಅಪ್ಪಣೆ ಕೇಳಿದ್ದರು. ಮನೆಯ ಯಜಮಾನ ಅವರ ಕೈಯಿಂದ ಕ್ಲಾರಿನೆಟ್ ಕಿತ್ತುಕೊಂಡು ಹಿತ್ತಲ ಬಾವಿಗೆ ಎಸೆದ. ಅಷ್ಟು ಜನರ ನಡುವೆ ತಂದೆ ಒಂದು ಮಾತಾಡದೆ ಬಾವಿಯ ಕಡೆ ನೋಡುತ್ತ ನಿಂತದ್ದನ್ನು ಮಗ ನೋಡಿದ. ಆ ಮೇಲೆ ಹಸನ್‌ಸಾಬರು ಮಗನಿಗೆ ಎರಡೇ ಪಾಠ ಹೇಳಿದರು. ಎಲೆ ಕೈಗೆ ಬರುವತನಕ ಬಾಯಿ ತೆರೆಯಬೇಡ. ಮದುವೆಯ ಮನೆಯಲ್ಲಿ ಸಾವಿನ ಹೆಸರು, ಕೋರ್ಟಿನ ಹೆಸರು, ದವಾಖಾನೆಯ ಹೆಸರು ಎತ್ತಬೇಡ. ಮಕ್ತುಮ್‌ಸಾಬರು ಎರಡನ್ನೂ ಐದು ಹೊತ್ತಿನ ನಮಾಜಿನ ಹಾಗೆ ಪಾಲಿಸಿಕೊಂಡು ಬಂದರು.

ಇನ್ನು ಕರಿಬಸಪ್ಪನ ವಿಷಯ. ಲಿಂಗಸುಗೂರಿನವನು, ಪೊಲೀಸ್ ಬ್ಯಾಂಡಿನಲ್ಲಿ ಯೂಫೋನಿಯಂ ಊದಿ ನಿವೃತ್ತನಾದವನು. ಯೂಫೋನಿಯಂ ಎಂದರೆ ಮಡಿಲಲ್ಲಿ ಕೂಸಿನ ಹಾಗೆ ಎತ್ತಿಕೊಂಡು ಊದುವ ದೊಡ್ಡ ಹಿತ್ತಾಳೆಯ ವಾದ್ಯ. ಮನೆಯಲ್ಲಿ ಕೂತು ಬೇಸರವಾಗಿ ಮಕ್ತುಮ್‌ಸಾಬರ ಬ್ಯಾಂಡಿಗೆ ಬಂದು ಸೇರಿಕೊಂಡ. ಪೊಲೀಸ್ ಬ್ಯಾಂಡಿನಲ್ಲಿ ಅವನಿಗೆ ಪಶ್ಚಿಮದ ಸಂಗೀತ ಕಲಿಸಿದ್ದರು. ಮದುವೆಗಳಿಗೆ ಹೋಗುವಾಗ ಟೆಂಪೋದ ಹಿಂದೆ ಡ್ರಮ್ಮುಗಳ ನಡುವೆ ಕೂತು ಅವನು ಮೊಬೈಲಿನಲ್ಲಿ ಅದನ್ನು ಹಾಕುತ್ತಿದ್ದ. ಉಳಿದವರು ನಿದ್ದೆ ಹೋಗುತ್ತಿದ್ದರು. ಮಕ್ತುಮ್‌ಸಾಬರು, ಬೇಡ ಎನ್ನಲು ಅಂಜಿ, ಕೇಳುತ್ತಿದ್ದರು.

ಒಂದು ದಿನ ಅವನು ಹಾಕಿದ್ದು ಹೈಡನ್ ಎಂಬುವನ ನಲವತ್ತೈದನೆಯ ಸಿಂಫನಿ. ವಿದಾಯದ ಸಿಂಫನಿ ಎಂದು ಅದಕ್ಕೆ ಹೆಸರು. ಶುರುವಿಗೇ ಮೇಲಿನ ಪಿಟೀಲುಗಳು ಮೆಟ್ಟಿಲ ಮೇಲಿಂದ ಓಡಿ ಇಳಿದ ಹಾಗೆ ಸ್ವರ ಇಳಿಸಿಕೊಂಡು ಬರುತ್ತವೆ. ಕೆಳಗಿನ ಪಿಟೀಲುಗಳು ತಾಳದ ಮೇಲೆ ಬೀಳದೆ ಅದರ ಆಚೀಚೆಗೆ ಡವಡವ ಎನ್ನುತ್ತಿರುತ್ತವೆ. ಮಕ್ತುಮ್‌ಸಾಬರು ಸೆಟೆದು ಕೂತರು.

"ಈ ಮನಷ್ಯಾ ಅಂಜ್ಯಾನ, ಕರಿಬಸಪ್ಪ."

"ಇಲ್ರೀ ಉಸ್ತಾದ್ರ. ಸಿಟ್ಟಿನ್ಯಾಗ ಅದಾನ ಅಂತ ನಮ್ಮ ಬ್ಯಾಂಡ್ ಮಾಸ್ತರು ಹೇಳ್ತಿದ್ರು."

"ಸಿಟ್ಟು ನೆಟ್ಟಗ ತಾಳಕ್ಕ ಬೀಳತೈತೋ ಮಾರಾಯ. ಇದು ಅಂಜಿಕಿ. ನನ್ನ ಎದಿ ಹಿಂಗಽ ಹೊಡಕೊಂತೈತಿ, ನನಗ ಗೊತ್ತಿಲ್ಲೇನು?"

ಅವರು ಯಾವುದಾದರೂ ವಿಷಯದಲ್ಲಿ ಎದುರು ಮಾತಾಡಿದ್ದನ್ನು ಕರಿಬಸಪ್ಪ ಕೇಳಿದ್ದು ಅದೇ ಮೊದಲು. ಖುಷಿಯಾಗಿ ಇಡೀ ಕತೆ ಹೇಳಿದ. ಹೈಡನ್ನನ ಅಪ್ಪ ಬಂಡಿಯ ಗಾಲಿ ಮಾಡುವ ಬಡಗಿ. ಆರು ವರ್ಷದವನಿದ್ದಾಗ ಹಾಡು ಕಲಿಯಲೆಂದು ಹುಡುಗನನ್ನು ಬೇರೆ ಊರಿಗೆ ಕಳಿಸಿದರು. ಮುಂದೆ ದೊಡ್ಡ ಚರ್ಚಿನಲ್ಲಿ ಹಾಡಿಕೊಂಡಿದ್ದವನನ್ನು ಗಂಟಲು ಒಡೆದ ಕೂಡಲೇ ಹೊರಗೆ ಹಾಕಿದರು. ಬೀದಿಯಲ್ಲಿ ಬಾರಿಸಿದ, ಮಳೆ ಸೋರುವ ಅಟ್ಟದಲ್ಲಿ ಮಲಗಿದ. ಕೊನೆಗೆ ಒಬ್ಬ ದೊರೆಯ ಮನೆಯಲ್ಲಿ ನೌಕರಿ ಸಿಕ್ಕಿತು. ಸಂಗೀತಗಾರ ಎಂದರೂ ಆಳುಗಳ ಜೊತೆಯವನೇ. ಅವರದೇ ಸಮವಸ್ತ್ರ, ಇವತ್ತು ಏನು ಬಾರಿಸಲಿ ಎಂದು ಪ್ರತಿದಿನ ಹೊರಗಿನ ಕೋಣೆಯಲ್ಲಿ ಕಾದು ನಿಂತು ಕೇಳಬೇಕು.

"ನಮ್ಮ ಕೆಂಪು ಕೋಟಿನಂಗ," ಎಂದರು ಮಕ್ತುಮ್‌ಸಾಬರು.

"ಹಂಗಽ ರೀ. ಆ ದೊರಿಗೆ ಸಂಗೀತ ಅಂದ್ರ ಹುಚ್ಚು. ಬ್ಯಾಸಗಿಗೆ ಜೌಗಿನ ನಡುವ ಒಂದು ಅರಮನಿ ಕಟ್ಟಿಸಿದ್ದ. ಅಲ್ಲಿಗೆ ಎಲ್ಲಾರನೂ ಕರಕೊಂಡು ಹೋಗಾಂವ. ಬ್ಯಾಂಡಿನೋರ ಹೆಂಡ್ರು ಮಕ್ಕಳು ಬರಂಗಿಲ್ಲ, ಅವರು ದೂರದ ಊರಾಗ. ಒಂದು ಸಲ ಬ್ಯಾಸಗಿ ಮುಗೀತು, ದೊರಿ ಹೊಂಡವಲ್ಲ. ಮಂದಿಗೆಲ್ಲ ಮನಿ ನೆನಪು. ಕೇಳಾಕ ಯಾರಿಗೂ ಧೈರ್ಯ ಇಲ್ಲ. ಹೈಡನ್‌ಗ ಅವರೆಲ್ಲಾ ಅಪ್ಪಾ ಅಂತಿದ್ರಂತ. ಅಪ್ಪಾ, ಏನರ ಮಾಡು ಅಂದ್ರು."

"ಕೇಳಿದ್ನೇನು?"

"ಬಾಯಿಲೆ ಕೇಳಲಿಲ್ರೀ. ಇದನ್ನ ಬರದ."

ಅಷ್ಟರಲ್ಲಿ ಮೊಬೈಲಿನಲ್ಲಿ ಕಡೆಯ ಭಾಗ ಬಂದಿತ್ತು. ಜೋರಾಗಿ ಓಡುತ್ತಿದ್ದ ಸಂಗೀತ ಇದ್ದಕ್ಕಿದ್ದಂತೆ ನಿಂತು, ನಿಧಾನದ ಒಂದು ಧಾಟಿ ಶುರುವಾಯಿತು. ಕರಿಬಸಪ್ಪ ಒಂದೊಂದನ್ನೇ ಬೆರಳಿಟ್ಟು ತೋರಿಸಿದ. ಈಗ ಊದುವವರು ಇಬ್ಬರು ತಮ್ಮ ಪಾಲು ಮುಗಿಸಿ, ಮುಂದಿದ್ದ ಮೇಣದ ಬತ್ತಿ ಆರಿಸಿ ಎದ್ದು ಹೋದರು. ಈಗ ಮತ್ತೊಬ್ಬ. ಈಗ ದೊಡ್ಡ ಪಿಟೀಲಿನವನು. ಧ್ವನಿ ತೆಳ್ಳಗಾಗುತ್ತ ಹೋಗಿ ಕೊನೆಗೆ ಎರಡೇ ಪಿಟೀಲು ಉಳಿದವು, ಅವೂ ಮೆಲ್ಲಗೆ ಸುಮ್ಮನಾದವು. ದೊರೆಗೆ ಅರ್ಥವಾಯಿತು. ಮಾರನೆಯ ದಿನವೇ ಎಲ್ಲರನ್ನೂ ಊರಿಗೆ ಹೊರಡಿಸಿದ.

ಮಕ್ತುಮ್‌ಸಾಬರ ಕಣ್ಣಲ್ಲಿ ನೀರು ಬಂತು. ಬಾಯಿ ತೆರೆಯದೆಯೇ ಕೇಳುವ ದಾರಿಯೊಂದು ಲೋಕದಲ್ಲಿ ಇದೆ ಎಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಂದಿನಿಂದ ಟೆಂಪೋ ಹತ್ತಿದ ಕೂಡಲೇ "ಹೈಡನ್‌ಸಾಬನ್ನ ಹಚ್ಚೋ" ಎಂದು ತಾವಾಗಿಯೇ ಹೇಳುವಂತಾದರು.

ಈ ಬೇಸಿಗೆಯಲ್ಲಿ ಸಿಂಧನೂರು ತಾಲೂಕಿನ ಸಾಲಗುಂದದ ಆಚೆ, ಆದಪ್ಪ ಸಾವುಕಾರರ ತೋಟದ ಮನೆಯಲ್ಲಿ ಮದುವೆ. ಸಾವುಕಾರರದು ಕಾಲುವೆ ನೀರಿನ ಭತ್ತದ ಗದ್ದೆ, ಗಿರಿಜಾ ಮೀಸೆ, ಕೂಗಿದರೆ ಅಂಗಳದ ಆ ತುದಿಯ ಕೋಳಿಗಳು ಹಾರುವಂಥ ಗಂಟಲು. ಒಬ್ಬಳೇ ಮಗಳು ಭಾಗ್ಯಶ್ರೀಯ ಮದುವೆ ಎರಡು ದಿನ ನಡೆಯಿತು. ಮೂರನೆಯ ದಿನ ಬೆಳಿಗ್ಗೆ ಅವಳನ್ನು ಗಂಡನ ಮನೆಗೆ ಕಳಿಸಿದರು. ಕಾರು ಮರೆಯಾಗುವತನಕ ಮಕ್ತುಮ್‌ಸಾಬರು ಊದಿದರು. ಅಲ್ಲಿಗೆ ಬ್ಯಾಂಡಿನ ಕೆಲಸ ಮುಗಿದಿತ್ತು. ಆದರೆ ಸಾವುಕಾರರು ಎಲೆ ಕೊಡಲಿಲ್ಲ.

"ಇವತ್ತೊಂದಿನ ಇರ್ರಿ," ಎಂದರು.

ಬೇರೆ ಸಲವಾಗಿದ್ದರೆ ಒಂದು ದಿನ ದೊಡ್ಡ ಮಾತಲ್ಲ. ಆದರೆ ಮಕ್ತುಮ್‌ಸಾಬರ ಮಗಳು ಮಹೆಕ್‌ಗೆ ದಿನ ತುಂಬಿತ್ತು. ಬ್ಯಾಂಡಿನಲ್ಲಿ ಟ್ರಂಪೆಟ್ ಊದುವ ಸೊಹೇಲ್ ಅವಳ ಗಂಡ. ಎರಡು ವರ್ಷದ ಹಿಂದೆ ಮೊದಲ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ. ಆಗಲೂ ಮಾವ ಅಳಿಯ ಇಬ್ಬರೂ ಮದುವೆಯೊಂದರಲ್ಲಿದ್ದರು. ಆ ಮೇಲೆ ಮಹೆಕ್‌ಗೆ ದವಾಖಾನೆ ಎಂದರೆ ಕೈಕಾಲು ತಣ್ಣಗಾಗುತ್ತವೆ. ಅಂಜಿಕೆಯಲ್ಲಿ ಅವಳು ಅಪ್ಪನ ಮಗಳೇ.

ಮಧ್ಯಾಹ್ನದ ಊಟದ ಹೊತ್ತಿಗೆ ಮಕ್ತುಮ್‌ಸಾಬರ ಮೊಬೈಲು ಹೊಡೆದುಕೊಂಡಿತು. ಹುಲ್ಲಿನ ಬಣವೆಯ ಹಿಂದೆ ಹೋಗಿ ಕಿವಿಗೆ ಇಟ್ಟುಕೊಂಡರು. ಪೀರ್‌ಬೀ.

"ಮಹೆಕ್‌ಗ ಬ್ಯಾನಿ ಶುರು ಆಗ್ಯಾವ್ರೀ. ಟಂಟಂ ಆಟೋ ಮಾಡ್ಕೊಂಡು ಸಿಂಧನೂರಿಗೆ ಕರಕೊಂಡು ಹೊಂಟೀನಿ. ಇಬ್ಬರೂ ಲಗೂನ ಬರ್ರಿ."

ಸಾಲಗುಂದದಿಂದ ಸಿಂಧನೂರು ಏನು ದೂರ? ಬಸ್ಸೂ ಇವೆ, ಟಂಟಮ್ಮೂ ಇವೆ. ದೂರವಿದ್ದದ್ದು ಬಣವೆಯಿಂದ ಸಾವುಕಾರರ ಪಡಸಾಲೆ. ಮಕ್ತುಮ್‌ಸಾಬರು ಅಲ್ಲಿಗೆ ಹೋಗಿ ಕಂಬದ ಮಗ್ಗುಲಲ್ಲಿ ನಿಂತರು.

"ಸಾವ್ಕಾರ್ರ…"

"ಏನೋ ಮಕ್ತುಮ್? ಊಟ ಆತಿಲ್ಲೋ?"

"ಆತ್ರಿ."

"ಸಂಜಿಗೆ ಗಂಗಾವತಿ ಕಡೆ ನೆಂಟರು ಬರ್ತಾರ. ಮದಿವಿಗೆ ಬರಾಕ ಆಗಿಲ್ಲ ಅವರಿಗೆ. ಅವರೂರ ಬ್ಯಾಂಡು ಕೇಳಿ ನನ್ನ ಕಿವಿ ಹರದಿದ್ವು. ಬ್ಯಾಂಡ್ ಅಂದ್ರ ಹೆಂಗಿರತೈತಿ ಅಂತ ಇವತ್ತು ತೋರಸಬೇಕು ನೋಡು. ಮತ್ತ? ಏನರ ಹೇಳಾಂವ ಇದ್ದೇನು?"

ಸಾವುಕಾರರ ಕಣ್ಣು ದೊಡ್ಡದು. ಅವರು ಸುಮ್ಮನೆ ನೋಡಿದರೂ ಗದರಿಸಿದ ಹಾಗೆ ಇರುತ್ತದೆ. ಮಕ್ತುಮ್‌ಸಾಬರಿಗೆ ಆ ಕಣ್ಣಿನ ಹಿಂದೆ ಹಿತ್ತಲೂ, ಹಿತ್ತಲಲ್ಲಿ ಬಾವಿಯೂ ಕಂಡವು.

"ಇಲ್ರಿ. ನೀರು ಬೇಕಾಗಿತ್ತು."

ನೀರು ಕೊಟ್ಟರು. ಕುಡಿದು ಬಂದರು. ಓದುವವರಿಗೆ ಸಿಟ್ಟು ಬರಬಹುದು. ಬರೆಯುವ ನನಗೂ ಬರುತ್ತದೆ. ಆದರೆ ಹೆದರಿದ ಮನುಷ್ಯನಿಗೆ ನಾಲ್ಕು ಹೆಜ್ಜೆ ಆಚೆಗಿನ ಮಾತು ಎಷ್ಟು ಭಾರ ಎಂಬುದು ಹೆದರಿದವರಿಗೇ ಗೊತ್ತು.

ಸೊಹೇಲ್ ಬಣವೆಯ ಹತ್ತಿರ ಕಾಯುತ್ತ ನಿಂತಿದ್ದ. ಅವನ ಮುಖ ಬಿಳಚಿತ್ತು.

"ಕೇಳಿದ್ರಾ ಮಾಮೂ?"

"ಕೇಳ್ತೀನಿ. ಇನ್ನೊಂದೀಟು ತಡಿ."

"ಹ್ವಾದ ಸಲನೂ ಹಿಂಗಽ ಅಂದ್ರಿ." ಅವನು ಟ್ರಂಪೆಟ್ಟನ್ನು ಹುಲ್ಲಿನ ಮೇಲೆ ಇಟ್ಟ. "ನಾ ಹೋಗ್ತೀನಿ."

ಮಕ್ತುಮ್‌ಸಾಬರು ಅವನ ಮುಂಗೈ ಹಿಡಿದುಕೊಂಡರು. "ಎಲಿ ಬರೂತನಾ ಬ್ಯಾಡೋ ಬೇಟಾ. ಅವರ ಮಗಳು ಇವತ್ತಽ ಗಂಡನ ಮನಿಗೆ ಹೋಗ್ಯಾಳ. ಏನರ ಹೆಚ್ಚುಕಮ್ಮಿ ಆದ್ರ ನಮ್ಮ ಮ್ಯಾಲ ಬರತೈತಿ. ಬಿಡಾಂಗಿಲ್ಲ ಅವರು." ಅವರ ಹಿಡಿತಕ್ಕೆ ಬಲವೇನೂ ಇರಲಿಲ್ಲ, ಕೊಡವಿದರೆ ಬಿಟ್ಟುಹೋಗುತ್ತಿತ್ತು. ಆದರೆ ಆ ಕೈ ಗಡಗಡ ನಡುಗುತ್ತಿತ್ತು. ಸೊಹೇಲ್ ಅದನ್ನು ನೋಡಿ ಕೂತುಬಿಟ್ಟ.

ಬಿಸಿಲು ಇಳಿಯುವವರೆಗೆ ಹೀಗೇ ನಡೆಯಿತು. ಮಕ್ತುಮ್‌ಸಾಬರು ಪಡಸಾಲೆಯ ಕಡೆ ಹೋಗುವುದು, ಯಾರೋ ಸಾವುಕಾರರ ಜೊತೆ ಮಾತಾಡುತ್ತಿರುವುದನ್ನು ನೋಡಿ ತಿರುಗಿ ಬರುವುದು. ಒಮ್ಮೆ ಸಾವುಕಾರರು ಒಬ್ಬರೇ ಇದ್ದರು. ಆಗಲೂ ತಿರುಗಿ ಬಂದರು.

ನೆಂಟರ ಎರಡು ಕಾರು ಅಂಗಳಕ್ಕೆ ಬಂದು ನಿಂತ ಹೊತ್ತಿಗೆ ಪೀರ್‌ಬೀ ಮತ್ತೆ ಫೋನು ಮಾಡಿದಳು. ಈ ಸಲ ಅವಳ ಧ್ವನಿಯೇ ಬೇರೆಯಾಗಿತ್ತು.

"ಕೂಸು ಅಡ್ಡ ತಿರುಗೈತಂತ್ರೀ. ಆಪರೇಷನ್ ಮಾಡಬೇಕಂತಾರ ಡಾಕ್ಟರು. ಇಕಿ ಒಳಗ ಹೋಗವಲ್ಲಳು. ದವಾಖಾನಿ ಕಾಟಿನ ಕಬ್ಬಿಣ ಹಿಡಕೊಂಡು ಕುಂತಾಳ. ಅಬ್ಬಾ ಬರೂತನಾ ಹೋಗಾಂಗಿಲ್ಲ, ಹ್ವಾದ ಸಲ ಹ್ವಾದಾಗ ಏನಾತು ಅಂತಾಳ. ತಡಾ ಆದ್ರ ಇಬ್ಬರಿಗೂ ಕಠಿಣ ಅಂತ ಡಾಕ್ಟರು ಬೈಯಾಕತ್ತಾರ. ಎಲ್ಲಿ ಅದೀರಿ ನೀವು?"

ಬಂದೆ, ಬಂದೆ ಎಂದು ಮಕ್ತುಮ್‌ಸಾಬರು ಫೋನು ಇಟ್ಟರು. ಬಣವೆಗೆ ಆತುಕೊಂಡು ಕುಸಿದರು. ಕರಿಬಸಪ್ಪ ಓಡಿ ಬಂದು ಹಿಡಿದ, ವಿಷಯ ಕೇಳಿದ. "ನಾ ಹೋಗಿ ಸಾವ್ಕಾರ್ರಿಗೆ ಹೇಳ್ಲೇನು?" ಎಂದ. ಮಕ್ತುಮ್‌ಸಾಬರು ಎರಡೂ ಕೈ ಜೋಡಿಸಿ ಬೇಡ ಎಂದರು. ಮದುವೆಯ ಮನೆಯಲ್ಲಿ ದವಾಖಾನೆಯ ಹೆಸರು ಎತ್ತಿದರೆ ಸಾವುಕಾರರು ಏನು ಮಾಡುತ್ತಾರೋ, ಸೊಹೇಲನನ್ನೂ ಕಟ್ಟಿ ಕೂಡಿಸಿದರೆ? ಎಲ್ಲಕ್ಕೂ ಅಂಜಿದವನಿಗೆ ನಡೆಯಲಾರದ್ದೂ ನಡೆಯುವ ಹಾಗೆ ಕಾಣುತ್ತದೆ.

"ಹಂಗಾದ್ರ ಒಂದಽ ದಾರಿ ರೀ ಉಸ್ತಾದ್ರ," ಎಂದ ಕರಿಬಸಪ್ಪ. "ಹೈಡನ್‌ಸಾಬನ ಉಪಾಯ."

ಮಕ್ತುಮ್‌ಸಾಬರು ತಲೆ ಎತ್ತಿದರು. ಮುಳುಗುವವನಿಗೆ ಹಗ್ಗ ಕಂಡ ಹಾಗಾಯಿತು ಅವರಿಗೆ. ಬಾಯಿ ತೆರೆಯದೆ ಕೇಳಿದಂತೆಯೂ ಆಯಿತು, ಆಟದ ನೆಪದಲ್ಲಿ ಸೊಹೇಲ್ ಮೊದಲೇ ಹೊರಟಂತೆಯೂ ಆಯಿತು.

ಅಂಗಳದಲ್ಲಿ ಆರು ಕುರ್ಚಿ ಹಾಕಿಸಿದರು. ಎದುರಿಗೆ ಪಡಸಾಲೆಯಲ್ಲಿ ಸಾವುಕಾರರು, ನೆಂಟರು, ಬಾಗಿಲ ಬಳಿ ಸಾವುಕಾರರ ಹೆಂಡತಿ ಬಸವಣ್ಣೆಮ್ಮ. ಮೊದಲು ಜೋರಾಗಿ ಎರಡು ಮೆರವಣಿಗೆಯ ಧಾಟಿ ಬಾರಿಸಿದರು. ನೆಂಟರು ತೊಡೆ ತಟ್ಟಿದರು. ಆಮೇಲೆ ಮಕ್ತುಮ್‌ಸಾಬರು ಕಣ್ಣು ಮುಚ್ಚಿ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಊದುವ, ಅವರ ತಂದೆ ಕಟ್ಟಿದ ನಿಧಾನದ ಧಾಟಿ ಎತ್ತಿದರು. ಸೊಹೇಲ್ ಅದರ ಮೇಲೆ ತನ್ನ ಒಂದು ಸಾಲು ಊದಿದ. ಹೈಡನ್‌ಸಾಬನ ಲೆಕ್ಕದಲ್ಲೂ ಮೊದಲು ಏಳುವವರು ಊದುವವರೇ. ಅವನು ಟೊಪ್ಪಿಗೆ ತೆಗೆದು ಕುರ್ಚಿಯ ಮೇಲಿಟ್ಟ, ಪಡಸಾಲೆಗೆ ತಲೆಬಾಗಿ ನಡೆದುಹೋದ. ಗೇಟು ದಾಟಿದ ಮೇಲೆ ಅವನು ಓಡಿದ ಸಪ್ಪಳ ಮಕ್ತುಮ್‌ಸಾಬರಿಗೆ ಕೇಳಿಸಿತು. ಒಬ್ಬನಾದರೂ ದಾಟಿದ ಎಂದುಕೊಂಡು ಅವರು ಉಸಿರು ತೆಗೆದುಕೊಂಡರು.

ನಂತರ ದೊಡ್ಡ ಡ್ರಮ್ಮಿನ ಅಮೀನ್‌ಸಾಬ್ ಕೋಲು ಕೆಳಗಿಟ್ಟು, ಟೊಪ್ಪಿಗೆ ಕುರ್ಚಿಗಿಟ್ಟು ಎದ್ದ. ಸಣ್ಣ ಡ್ರಮ್ಮಿನವನು ಎದ್ದ. ಸ್ಯಾಕ್ಸಫೋನಿನವನು ಕೊನೆಯ ಸ್ವರವನ್ನು ಎಳೆದು ಬಿಟ್ಟು ಎದ್ದ. ಮೂವರೂ ಬಣವೆಯ ಹಿಂದೆ ಸರಿದು ನಿಂತರು. ಧಾಟಿ ತೆಳ್ಳಗಾಗುತ್ತ ಬಂತು. ನಾಲ್ಕು ಕುರ್ಚಿಯ ಮೇಲೆ ನಾಲ್ಕು ಗರಿಯ ಟೊಪ್ಪಿಗೆ. ಕರಿಬಸಪ್ಪನೂ ಮಕ್ತುಮ್‌ಸಾಬರೂ ಇಬ್ಬರೇ ಉಳಿದರು. ಸಂಜೆಯ ಬೆಳಕಿನಲ್ಲಿ ಕ್ಲಾರಿನೆಟ್ಟಿನ ಧ್ವನಿ ಎಷ್ಟು ಸಣ್ಣದಾಯಿತೆಂದರೆ ಗೋದಲಿಯಲ್ಲಿ ಎತ್ತು ಮೆಲುಕು ಹಾಕುವುದೂ ಕೇಳುತ್ತಿತ್ತು. ಹೀಗೆ ಮಕ್ತುಮ್‌ಸಾಬರು ಜೀವನದಲ್ಲಿ ಊದಿರಲಿಲ್ಲ. ಅದರೊಳಗೆ ಮಗಳಿದ್ದಳು, ಕಾಟಿನ ಕಬ್ಬಿಣ ಹಿಡಿದು ಕೂತವಳು. ಕಲ್ಲಿಗೂ ತಿಳಿಯಬೇಕಿತ್ತು.

ಕಣ್ಣು ತೆರೆದು ಅವರು ಸಾವುಕಾರರ ಮುಖ ನೋಡಿದರು. ಸಾವುಕಾರರು ಬಾಯಿ ತೆರೆದು, ಕೈ ಗಲ್ಲದ ಮೇಲಿಟ್ಟು ಕೂತಿದ್ದರು. ಊದುವುದು ನಿಂತಿತು.

"ಭಲೇ ಮಗನಽ!" ಎಂದು ಸಾವುಕಾರರು ತೊಡೆ ತಟ್ಟಿ ಎದ್ದರು. "ನೋಡಿದ್ರಿಲ್ಲೋ ನಮ್ಮ ಬ್ಯಾಂಡು? ಒಬ್ಬೊಬ್ಬರಽ ಎದ್ದು ಹೋಗೋ ಆಟ! ನಿಮ್ಮ ಊರಾಗ ಐತೇನು ಇದು? ಏ ಮಕ್ತುಮ್, ಕರಿಯೋ ಅವರನ್ನೆಲ್ಲಾ. ಇನ್ನೊಮ್ಮೆ ಮಾಡ್ರಿ, ಮೊದಲಿಂದ!"

ನೆಂಟರೆಲ್ಲ ಚಪ್ಪಾಳೆ ತಟ್ಟಿದರು. "ಇನ್ನೊಮ್ಮೆ! ಇನ್ನೊಮ್ಮೆ!"

ಆ ದೊರೆಗೆ ತಿಳಿದದ್ದು ಈ ದೊರೆಗೆ ತಿಳಿಯಲಿಲ್ಲ. ಮಕ್ತುಮ್‌ಸಾಬರು ಕರಿಬಸಪ್ಪನ ಕಡೆ ನೋಡಿದರು. ಕರಿಬಸಪ್ಪ ಯೂಫೋನಿಯಂ ಅಪ್ಪಿಕೊಂಡು ನೆಲ ನೋಡುತ್ತಿದ್ದ. ಕರೆಯೋಣವೆಂದರೆ ಸೊಹೇಲ್ ಇಲ್ಲ. ಅವನು ಇಲ್ಲವೆಂದು ತಿಳಿದರೆ, ಎಲೆ ಇಲ್ಲದೆ ಅಂಗಳ ದಾಟಿದ್ದು ತಿಳಿಯುತ್ತದೆ.

"ಯಾಕೋ? ಕರಿ ಅಂದ್ನೆಲ್ಲ."

"ಸಾವ್ಕಾರ್ರ," ಎಂದರು ಮಕ್ತುಮ್‌ಸಾಬರು. "ನನ್ನ ಮಗಳು ದವಾಖಾನ್ಯಾಗ ಅದಾಳ್ರಿ."

ಚಪ್ಪಾಳೆ ನಿಂತವು. ಬಾಗಿಲ ಬಳಿ ಯಾರೋ ಹೆಂಗಸು "ಶಿವ ಶಿವಾ" ಎಂದಳು. ಎತ್ತಬಾರದ ಹೆಸರು ಎತ್ತಿಯಾಗಿತ್ತು, ಇನ್ನು ಹಿಂದಕ್ಕೆ ನುಂಗುವಂತಿಲ್ಲ. ಮಕ್ತುಮ್‌ಸಾಬರು ಒಂದೇ ಉಸಿರಿಗೆ ಉಳಿದದ್ದನ್ನೂ ಹೇಳಿದರು. "ಹೆರಿಗಿ ಬ್ಯಾನಿ ರೀ. ಕೂಸು ಅಡ್ಡ ತಿರುಗೈತಂತ. ಮೊದಲ ಕೂಸು ಉಳಿಲಿಲ್ರಿ ಅಕಿದು. ನಾ ಬರೂತನಾ ಆಪರೇಷನ್‌ಗೆ ಹೋಗಾಂಗಿಲ್ಲ ಅಂತ ಕುಂತಾಳ. ಅಳಿಯನ್ನ ನಾನಽ ಕಳಿಸೀನ್ರಿ, ಅವಂದೇನೂ ತಪ್ಪಿಲ್ಲ. ನನ್ನ ಕಳಸ್ರಿ ಯಪ್ಪಾ. ಎಲಿ ಕೊಡ್ರಿ, ಬಿಡ್ರಿ. ನಾ ಹೊಂಟೀನಿ."

ಹೇಳಿ ಮುಗಿಸಿ ಕ್ಲಾರಿನೆಟ್ಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು ನಿಂತರು, ಯಾರೋ ಕಿತ್ತುಕೊಳ್ಳುತ್ತಾರೆ ಎಂಬ ಹಾಗೆ.

ಸಾವುಕಾರರು ಪಡಸಾಲೆಯ ಮೆಟ್ಟಿಲು ಇಳಿದು ಬಂದರು. ಮುಖ ಕೆಂಪಾಗಿತ್ತು.

"ಯಾವಾಗಿಂದ?"

"ಮಧ್ಯಾಹ್ನದಿಂದ್ರಿ."

"ಮಧ್ಯಾಹ್ನದಿಂದ? ಊಟದ ಹೊತ್ತಿಗೆ ಬಂದು ನೀರು ಕೇಳಿದೆಲ್ಲ, ಆಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಹುಚ್ಚ ಸೂಳಿಮಗನಽ!" ಸಾವುಕಾರರ ಗಂಟಲು ಒಡೆದು ಬಂತು. "ನಾ ಏನು ಹುಲಿ ಏನೋ? ತಿಂತಿದ್ನೇನು ನಿನ್ನ? ಅಂಗಳದಾಗ ಮೂರು ಗಾಡಿ ನಿಂತಾವು. ಮಗಳು ಹ್ವಾದ ಮ್ಯಾಲ ಮನಿ ಭಣಭಣ ಅಂತೈತಿ, ನಾಲ್ಕು ಮಂದಿ ಊದಿಕೊಂತ ಇರ್ಲಿ ಅಂತ ನಿಮ್ಮನ್ನ ಇಟಗೊಂಡೆ. ನಿನ್ನ ಮಗಳನ್ನ ಕೊಂದು ನನ್ನ ಮನಿಗೆ ಪಾಪ ಹಚ್ಚಾಕ ಬಂದಿದ್ಯಾ? ಚಾವಿ ತಗೊಂಬರ್ರಿ!"

ಬಸವಣ್ಣೆಮ್ಮ ಎಲೆಯ ತಟ್ಟೆ ತರಲು ಒಳಗೆ ಓಡಿದರು. ಅವರು ಹೊರಬರುವಷ್ಟರಲ್ಲಿ ಜೀಪು ಗೇಟು ದಾಟಿತ್ತು. ಓಡಿಸುತ್ತಿದ್ದವರು ಸಾವುಕಾರರೇ.

ಗದ್ದೆಯ ನಡುವಿನ ರಸ್ತೆಯಲ್ಲಿ ಜೀಪು ಹಾರಿ ಹಾರಿ ಬೀಳುತ್ತಿತ್ತು. ಮಕ್ತುಮ್‌ಸಾಬರ ಅಂಜಿಕೆ ಕಡಿಮೆಯಾಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ಸಾವುಕಾರರು ಮಧ್ಯಾಹ್ನವೇ ಬಿಡುತ್ತಿದ್ದರು. ಅಷ್ಟು ಹೊತ್ತು ಹಿಡಿದಿಟ್ಟದ್ದು ತಾನೇ. ಈಗ ಮಗಳಿಗೆ ಏನಾದರೂ ಆಗಿದ್ದರೆ ಯಾರನ್ನು ದೂರುವುದು? ಹೋದ ಸಲವೂ ಕೇಳಿದ್ದರೆ ಬಿಡುತ್ತಿದ್ದರೇನೋ.

ಹಿಂದೆ ಕೂತಿದ್ದ ಕರಿಬಸಪ್ಪನಿಗೆ ಏನಾದರೂ ಸಮಾಧಾನ ಹೇಳಬೇಕೆನ್ನಿಸಿತು. "ಉಸ್ತಾದ್ರ, ಹೈಡನ್ ಮುದುಕ ಆಗಿದ್ದಾಗ ಅವನ ಊರಿನ ಮ್ಯಾಲ ದಂಡು ಬಂತಂತ್ರೀ. ತೋಪಿನ ಗುಂಡು ಮನಿ ಬಾಜೂಕ ಬಿತ್ತಂತ. ಆಳುಗಳು ಅಂಜಿ ಚೀರಿದ್ರು. ಮಕ್ಕಳ್ರಾ, ನಾ ಇರೋ ಕಡೆ ನಿಮಗ ಏನೂ ಆಗಂಗಿಲ್ಲ ಅಂತ ಕೂಗಿ ಹೇಳಿದ್ನಂತ. ಹೇಳೂವಾಗ ತಾನೂ ನಡುಗಾಕತ್ತಿದ್ನಂತ್ರೀ."

"ಸಾಕು ಬಿಡೋ ಮಾರಾಯ ನಿನ್ನ ಹೈಡನ್‌ಸಾಬನ ಸುದ್ದಿ!" ಎಂದು ಮಕ್ತುಮ್‌ಸಾಬರು ಮೊದಲ ಸಲ ಅವನನ್ನು ಗದರಿದರು. ಸಾವುಕಾರರು ಹಾರ್ನ್ ಒತ್ತಿ ಹಿಡಿದು ಎಮ್ಮೆಯ ಹಿಂಡನ್ನು ಸೀಳಿಕೊಂಡು ಹೋದರು.

ದವಾಖಾನೆಯ ಓಣಿಯಂಥ ಉದ್ದನೆಯ ನಡುವಂಕಣದಲ್ಲಿ ಆಪರೇಷನ್ ಕೋಣೆಯ ಬಾಗಿಲಿಗೆ ಸ್ವಲ್ಪ ಈಚೆಗೆ ಗಾಲಿಯ ಕಾಟು ನಿಂತಿತ್ತು. ಪೀರ್‌ಬೀ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ದಾರಿಯಲ್ಲಿ ಸಿಕ್ಕ ಬೈಕು ಹತ್ತಿ ಮೊದಲೇ ಬಂದಿದ್ದ ಸೊಹೇಲ್ ಕೆಂಪು ಕೋಟಿನಲ್ಲೇ ಬೆವತು ನಿಂತಿದ್ದ. "ನಾ ಹೇಳಿದ್ರ ಕೇಳವಲ್ಲಳು ಮಾಮೂ," ಎಂದ. ಮಹೆಕ್‌ಳ ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು. ಬೆರಳು ಕಾಟಿನ ಕಬ್ಬಿಣಕ್ಕೆ ಅಂಟಿಕೊಂಡ ಹಾಗೆ ಇದ್ದವು. ಮಕ್ತುಮ್‌ಸಾಬರು ಹೋಗಿ ಆ ಬೆರಳುಗಳ ಮೇಲೆ ಕೈ ಇಟ್ಟರು.

"ಅಬ್ಬಾ. ಬಂದ್ಯಾ? ಬಿಟ್ರಾ ಅವರು?"

"ಬಿಟ್ರು."

"ತಾವಾಗಿ ಬಿಟ್ರಾ?"

"ಇಲ್ಲ. ನಾ ಕೇಳಿದೆ."

ನೋವಿನ ನಡುವೆಯೂ ಮಹೆಕ್ ತಲೆ ಹೊರಳಿಸಿ ಅಪ್ಪನ ಮುಖ ನೋಡಿದಳು. ಹುಟ್ಟಿದಾಗಿನಿಂದ ನೋಡಿದ ಮನುಷ್ಯ ಇವನೇ ಹೌದೋ ಅಲ್ಲವೋ ಎಂಬ ಹಾಗೆ ನೋಡಿದಳು.

"ನೀ ಕೇಳಿದ್ಯಾ?"

"ಹೂಂ."

"ಸಾವ್ಕಾರ್ರನ್ನ?"

"ಎಲ್ಲಾ ಮಂದಿ ಮುಂದ."

"ಅಂಜಿಕಿ ಬರಲಿಲ್ಲಾ?"

"ಬಂತವ್ವಾ. ಈಗೂ ಐತಿ. ನೋಡು," ಎಂದು ಮಕ್ತುಮ್‌ಸಾಬರು ಕೈ ಎತ್ತಿ ತೋರಿಸಿದರು. ಹತ್ತೂ ಬೆರಳು ನಡುಗುತ್ತಿದ್ದವು.

ಮಹೆಕ್ ಆ ಬೆರಳುಗಳನ್ನು ನೋಡಿದಳು. ಒಂದು ನೋವು ಬಂದು ಹೋಗುವವರೆಗೆ ಕಣ್ಣು ಮುಚ್ಚಿದಳು. ಆಮೇಲೆ ಕಾಟಿನ ಕಬ್ಬಿಣದಿಂದ ಒಂದು ಕೈ ಬಿಡಿಸಿದಳು, ಇನ್ನೊಂದನ್ನೂ ಬಿಡಿಸಿದಳು.

"ನಡೀರಿ ಅಕ್ಕಾ," ಎಂದಳು ನರ್ಸಮ್ಮನಿಗೆ. "ಹೋಗೂನು."

ಬಾಗಿಲು ಮುಚ್ಚಿತು. ಸಾವುಕಾರರು ಗೋಡೆಗೆ ಒರಗಿ ಮೀಸೆ ಕಡಿಯುತ್ತ ನಿಂತರು, ಪೀರ್‌ಬೀ ದುವಾ ಹೇಳತೊಡಗಿದಳು. ಎಷ್ಟು ಹೊತ್ತಾಯಿತೋ ಯಾರಿಗೂ ತಿಳಿಯಲಿಲ್ಲ. ಒಳಗಿಂದ ಒಂದು ಸಣ್ಣ ದನಿ ಬಂದಂತಾಯಿತು. ಕೂಸಿನದೋ, ಯಾವುದೋ ಯಂತ್ರದ್ದೋ. ಒಮ್ಮೆ ಬಂದು ನಿಂತುಬಿಟ್ಟಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಹೋದ ಸಲವೂ ಒಮ್ಮೆ ಅತ್ತು ನಿಂತಿತ್ತು ಎಂದು ಪೀರ್‌ಬೀ ಯಾವತ್ತೋ ಹೇಳಿದ್ದಳು. ಕೇಳಲು ಯಾರಿಗೂ ಕಾಲು ಬರಲಿಲ್ಲ, ಸಾವುಕಾರರಿಗೂ.

ಮಕ್ತುಮ್‌ಸಾಬರು ಎದ್ದು ಹೋಗಿ ಆಪರೇಷನ್ ಕೋಣೆಯ ಬಾಗಿಲನ್ನು ದಬದಬ ಬಡಿದರು.

"ಯಾರ್ರೀ ಅದು?" ಎಂದು ನರ್ಸಮ್ಮ ಸಿಟ್ಟಿನಿಂದ ಅರ್ಧ ಬಾಗಿಲು ತೆರೆದಳು. "ಬಾಗಿಲಾ ಬಡಿಯೋ ಜಾಗಾನಾ ಇದು?"

"ನಾ ಮಕ್ತುಮ್‌ಸಾಬ್. ಮಹೆಕ್‌ಳ ಅಪ್ಪ. ನನ್ನ ಮಗಳು ಹೆಂಗದಾಳ? ಕೂಸು ಯಾಕ ಅಳವಲ್ಲದು? ಹೇಳ್ರಿ ನನಗ."

ನರ್ಸಮ್ಮ ಅವರ ಕೆಂಪು ಕೋಟನ್ನೂ, ಭುಜದ ಹಳದಿ ಜೂಲನ್ನೂ ನೋಡಿದಳು. ಅವಳ ಹಿಂದೆ, ಒಳಗಿನ ಬೆಳಕಿನಲ್ಲಿ, ಆ ದನಿ ಮತ್ತೆ ಶುರುವಾಯಿತು, ಈ ಸಲ ಗಂಟಲು ಬಿಚ್ಚಿ.

"ಕೇಳ್ರಿ, ಅಳಾಕತ್ತೈತೆಲ್ಲ," ಎಂದಳು. "ಹೆಣ್ಣು ಕೂಸು. ಇಬ್ಬರೂ ಆರಾಮ ಅದಾರ."